ಒಂದೇ ಮನೆಯ ಲೈನ್

ಪೈವಳಿಕೆ,
ಆಗಸ್ಟ್ 2017

ಟೆಲಿಫೋನ್ ಎಕ್ಸ್‌ಚೇಂಜಿನ ಸಾಹೇಬರಿಗೆ ನಮಸ್ಕಾರ.

ಸರಕಾರ ನಮ್ಮೂರಿಗೆ ಎಳೆದ ಬ್ರಾಡ್‌ಬ್ಯಾಂಡ್ ಈಗ ಉಳಿದಿರುವುದು ನನ್ನ ಮನೆಯಲ್ಲಿ ಮಾತ್ರ. ಬೇರೆಯವರೆಲ್ಲ ಮೊಬೈಲಿಗೆ ಹೋದರು. "ಒಂದು ಮನೆಗೋಸ್ಕರ ಎಷ್ಟು ನಷ್ಟ ತಾಳುವುದು? ಈ ವಾರ ತೆಗೆಯುತ್ತೇವೆ" ಎಂದು ನಿಮ್ಮ ಲೈನ್‌ಮ್ಯಾನ್ ಚೀಟಿಯಲ್ಲಿ ಬರೆದು ತೋರಿಸಿದರು.

ನನಗೂ ಕುವೈತಿನಲ್ಲಿರುವ ತಂಗಿ ಫೌಝಿಯಾಳಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನಾವು ಕೈಯಲ್ಲಿ ಮಾತಾಡುವವರು. ನಮ್ಮ ತಾಯಿ, ಉಮ್ಮ, ತೀರಿದ ಮೇಲೆ ಇಲ್ಲಿ ಆ ಮಾತು ಗೊತ್ತಿರುವವರು ಯಾರೂ ಇಲ್ಲ. ಈ ಲೈನಿನಲ್ಲಿ ವೀಡಿಯೊ ಕಾಲ್ ಮಾಡಿ ಅವಳೊಂದಿಗೆ ಮಾತಾಡುತ್ತೇನೆ. ಮೊಬೈಲಿನಲ್ಲಿ ಚಿತ್ರ ನಿಂತು ನಿಂತು ಬರುತ್ತದೆ, ಅವಳ ಬೆರಳು ಎಂತ ಹೇಳುತ್ತಿದೆಯೆಂದು ತಿಳಿಯುವುದಿಲ್ಲ.

ಇನ್ನೊಂದು ಮನೆ ಸೇರಿದರೆ ಲೈನ್ ಉಳಿದೀತೆಂದು, "ನೀವೂ ಕನೆಕ್ಷನ್ ತೆಗೆದುಕೊಳ್ಳಿ" ಎಂದು ಅಂಗಡಿಯ ಮಹಮೂದ್ ಕಾಕನಿಗೆ ಬರೆದು ಕೊಟ್ಟೆ. ಅವರು ತಮ್ಮ ಮೊಬೈಲ್ ತೋರಿಸಿ ನಕ್ಕರು.

ತೆಗೆಯಲೇಬೇಕಾದರೆ ಶುಕ್ರವಾರ ಕಳೆಯಲಿ. ಅಂದು ಅವಳಿಗೆ ರಜೆ, ನಾನೇ ಹೇಳುತ್ತೇನೆ. ಸುಮ್ಮನೆ ಪರದೆ ಕತ್ತಲಾದರೆ ನನಗೇನೋ ಆಯಿತೆಂದು ಹೆದರುತ್ತಾಳೆ.

ನಿಮ್ಮ ಉತ್ತರ ಬರವಣಿಗೆಯಲ್ಲೇ ಇರಲಿ.

ಶಮೀನಾ