ಬಿಸಿ ಕೋಣೆಯ ಉಳಿದ ಆರು ನಿಮಿಷ

ನಂಜನಗೂಡು
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಮುದ್ದೂ,

ಹೇಗಿದ್ದೀಯೇ? ಮಂಡಿನೋವು ಸ್ವಲ್ಪ ತಗ್ಗಿತೇ? ಕೂನೂರಿನಿಂದ ಬಂದ ದಿನವೇ ಬರೆಯುತ್ತೇನೆ ಅಂದಿದ್ದವಳು ಹನ್ನೆರಡು ದಿನ ಕಳೆದ ಮೇಲೆ ಪೆನ್ನು ಹಿಡಿದಿದ್ದೇನೆ, ಬಯ್ಯಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನಿನಲ್ಲಿ "ಸರಿ ಬುಡು, ಒಲೆ ಮ್ಯಾಲೆ ಅನ್ನಕ್ಕಿಟ್ಟಿವ್ನಿ" ಅಂತ ಕಟ್ ಮಾಡಿಬಿಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಮೂವತ್ತೆರಡು ವರ್ಷ ಮೇಷ್ಟರಗಿರಿ ಮಾಡಿದವಳು ನೀನು, ಕಾಗದ ಕಂಡರೆ ಕೊನೇ ಸಾಲಿನವರೆಗೂ ಓದುತ್ತೀಯ ಅನ್ನುವ ನಂಬಿಕೆ ನನಗಿದೆ.

ವಿಷಯಕ್ಕೆ ಬರುತ್ತೇನೆ. ಮಾರ್ಚ್ ಹದಿನೈದಕ್ಕೆ ಕೂನೂರಿನ ಅದೇ ರೆಸಾರ್ಟಿನಲ್ಲಿ ಇಬ್ಬರಿಗೆ ಒಂದು ರೂಮು ಹೇಳಿಟ್ಟಿದ್ದೇನೆ. ಒಬ್ಬಳು ನಾನು, ಇನ್ನೊಬ್ಬಳು ನೀನು. ಹೋದ ಸಲ ನಮ್ಮ ಹೆಂಗಸರ ತಂಡದ ಜೊತೆ ಕರೆದಾಗ "ನಿಮ್ಮೋರ ಮಧ್ಯೆ ನಾನ್ ಯಾಕೆ ಬರ್ಲಿ, ನೀ ಓಗ್ಬಾ" ಅಂದೆ. ಈ ಸಲ ನಮ್ಮೋರು ನಿಮ್ಮೋರು ಯಾರೂ ಇಲ್ಲ. ಬರುತ್ತೀಯೋ ಇಲ್ಲವೋ ಅನ್ನುವುದೊಂದೇ ನನಗೆ ಗೊತ್ತಾಗಬೇಕು, ಅದಕ್ಕೇ ಈ ಇಡೀ ಪುರಾಣ.

ಅಲ್ಲಿ ಏನೇನಿದೆ ಅಂತ ಕೇಳು. ಬೆಳಿಗ್ಗೆ ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ಆ ಚಳಿಯಲ್ಲಿ ಮೈಗೆ ಒಂದು ದೊಡ್ಡ ಟವೆಲ್ ಸುತ್ತಿಕೊಂಡು ಮರದ ಕೋಣೆಯೊಂದರೊಳಗೆ ಹೋಗಿ ಕೂರಬೇಕು. ಸೌನಾ ಅನ್ನುತ್ತಾರೆ. ನೆಲ, ಗೋಡೆ, ಬೆಂಚು ಎಲ್ಲ ಮರವೇ. ಮೂಲೆಯಲ್ಲಿ ಕಾದ ಕಲ್ಲುಗಳ ರಾಶಿ, ಅದರ ಮೇಲೆ ಒಂದು ಸೌಟು ನೀರು ಬಿಟ್ಟರೆ ಚುಂಯ್ ಅಂದು ಬಿಸಿ ಮುಖಕ್ಕೆ ರಾಚುತ್ತದೆ. ನಮ್ಮ ಬಚ್ಚಲ ಹಂಡೆಯ ಮುಂದೆ ಕೂತ ಹಾಗೆ, ಆದರೆ ಹೊಗೆಯಿಲ್ಲ, ಕಣ್ಣುರಿಯಿಲ್ಲ. ಎರಡು ನಿಮಿಷಕ್ಕೆ ಬೆವರು ಧಾರಾಕಾರ. ನಿವೃತ್ತಿಯಾದ ಮೇಲೆ ನನ್ನ ಭುಜಕ್ಕೆ ಅಂಥ ಸುಖ ಸಿಕ್ಕಿದ್ದು ಅದೇ ಮೊದಲು ಕಣೇ.

ನಮ್ಮನ್ನು ನೋಡಿಕೊಂಡವಳು ಕೋಮಲ ಅಂತ ಹುಡುಗಿ. ಇಪ್ಪತ್ತಾರು ಇರಬಹುದು, ನಮ್ಮ ನರಸೀಪುರದ ಕಡೆಯವಳು, ಅಲ್ಲಿ ಸ್ಪಾ ಕೆಲಸ. ಕನ್ನಡ ಕೇಳಿದ್ದೇ ಅವಳ ಮುಖ ಅರಳಿತು. ಎಷ್ಟು ಚೆನ್ನಾಗಿ ಪಾಠ ಮಾಡಿದಳು ಅಂದರೆ ನಾನೇ ಕೈಕಟ್ಟಿ ಕೂತೆ. ಹೊಟ್ಟೆ ತುಂಬ ತಿಂದು ಒಳಗೆ ಹೋಗಬಾರದು, ಉಪವಾಸವೂ ಇರಬಾರದು. ಮೊದಲು ಎರಡು ಲೋಟ ನೀರು, ಆಮೇಲೆ ಮತ್ತೆ ನೀರು. ಹೊಸಬರು ಕೆಳಗಿನ ಬೆಂಚಿನಲ್ಲೇ ಕೂರಬೇಕು, ಮೇಲಿನದಕ್ಕೆ ಶಾಖ ಜಾಸ್ತಿ. ಹತ್ತು ನಿಮಿಷ ದಾಟಬಾರದು, ತಲೆ ತಿರುಗಿದರೆ ಆ ಕ್ಷಣವೇ ಹೊರಗೆ ಬರಬೇಕು. ಒಬ್ಬರೇ ಹೋಗಕೂಡದು. ಬಿ.ಪಿ. ಇದ್ದವರು ಡಾಕ್ಟರನ್ನು ಕೇಳಿಕೊಂಡೇ ಬರಬೇಕು. ನಾನು ಹೊರಡುವ ಮೊದಲೇ ಕೇಳಿದ್ದೆ. ನೀನೂ ಮಾತ್ರೆ ನುಂಗುವವಳು, ಹಾಗಾಗಿ ಈ ವಾರವೇ ಹೋಗಿ ಕೇಳು, ನೆಪ ಹೇಳಬೇಡ.

ಇಷ್ಟೆಲ್ಲ ಕೇಳಿಸಿಕೊಂಡವಳು ನಾನು ಏನು ಮಾಡಿದೆ ಗೊತ್ತೇ? ಸೀದಾ ಮೇಲಿನ ಬೆಂಚು ಹತ್ತಿದೆ. ಹೆಡ್‌ಮಿಸ್ ಆಗಿದ್ದವಳು ಕೆಳಗೆ ಕೂರುವುದು ಹೇಗೆ. ನಮ್ಮ ತಂಡದ ರುದ್ರಮ್ಮಕ್ಕ ಜೊತೆಯಲ್ಲಿದ್ದರು, ಅದೇ ಅಂಗಡಿ ಬೀದಿಯ ಬಟ್ಟೆ ವ್ಯಾಪಾರದವರು. ಪಾಪ, ಅವರು ಕೋಮಲ ಹೇಳಿದಂತೆ ಕೆಳಗೇ ಕೂತರು.

ಅದಕ್ಕಿಂತ ದೊಡ್ಡ ಪೆದ್ದುತನ ಇನ್ನೊಂದು. ಒಳಗೆ ಹೋಗುವ ಮುಂಚೆ ಕೋಮಲ ಕೇಳಿದ್ದಳು, "ಒಡವೆ ಎಲ್ಲ ಬಿಚ್ಚಿದ್ರಾ ಮೇಡಂ? ಲೋಹ ಕಾದೋಯ್ತದೆ." ಓಲೆ, ಬಳೆ, ತಾಳಿ ಸರ ಎಲ್ಲವನ್ನೂ ಕರ್ಚೀಫಿನಲ್ಲಿ ಗಂಟು ಹಾಕಿ ಇಟ್ಟಿದ್ದೆ. "ಬಿಚ್ಚಿದೆ ಕಣಮ್ಮ" ಅಂದೆ. ಸುಳ್ಳಲ್ಲ ಮುದ್ದೂ. ಕತ್ತಿನಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇತ್ತು, ಆದರೆ ಅದು ಒಡವೆ ಅಂತ ನನಗೆ ಯಾವತ್ತಾದರೂ ಅನ್ನಿಸಿದೆಯೇ? ಅದು ಮೈಯ ಒಂದು ಭಾಗ. ಸ್ನಾನದಲ್ಲೂ ನಿದ್ದೆಯಲ್ಲೂ ತೆಗೆಯದಿದ್ದದ್ದು ನೆನಪಾಗುವುದಾದರೂ ಹೇಗೆ.

ನಾಲ್ಕೇ ನಿಮಿಷ. ಟವೆಲಿನೊಳಗೆ ಎದೆ ಚುರುಕ್ ಅಂದಿತು. ಬೆವರುಗುಳ್ಳೆ ಇರಬೇಕು ಅಂದುಕೊಂಡೆ. ಆಮೇಲೆ ಕೆಂಡ ಇಟ್ಟ ಹಾಗಾಯಿತು. ಕೈ ಹಾಕಿದರೆ ಬೆರಳೂ ಸುಟ್ಟಿತು. "ಶಿವನೇ" ಅಂತ ಕಿರುಚಿದ್ದಕ್ಕೆ ಕೋಮಲ ಬಾಗಿಲು ತಳ್ಳಿಕೊಂಡು ಬಂದಳು. ಒದ್ದೆ ಟವೆಲನ್ನು ಕರಡಿಗೆಗೂ ನನ್ನ ಎದೆಗೂ ನಡುವೆ ತುರುಕಿ, ಶಿವದಾರವನ್ನು ತಲೆಯ ಮೇಲಿಂದ ಬಿಡಿಸಿ, ನನ್ನನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ನಿಲ್ಲಿಸಿದಳು. "ಇಪ್ಪತ್ತು ನಿಮಿಷ ತಣ್ಣೀರು ಬೀಳ್ಲಿ, ಅಲ್ಲಾಡ್ಬೇಡಿ" ಅಂದಳು. ರುದ್ರಮ್ಮಕ್ಕ ಪೇಸ್ಟು ಹಚ್ಚು ಅಂದರು, ಹುಡುಗಿ ಹತ್ತಿರಕ್ಕೂ ಬಿಡಲಿಲ್ಲ.

ಆಗ ನೋಡಿದೆ. ಅವಳು ಕರಡಿಗೆಯನ್ನು ಒದ್ದೆ ಬಟ್ಟೆಯಲ್ಲಿ ಎರಡೂ ಅಂಗೈ ಸೇರಿಸಿ ಹಿಡಿದು ನಿಂತಿದ್ದಳು. "ಎಲ್ಲಿಡ್ಲಿ ಮೇಡಂ? ನೆಲದ ಮ್ಯಾಲೆ ಇಡ್ಬಾರ್ದು ಅಲ್ವ?" ಅಂದಳು.

ರುದ್ರಮ್ಮಕ್ಕ ಅವಳನ್ನೇ ನೋಡುತ್ತಿದ್ದರು. "ನರಸೀಪುರದಲ್ಲಿ ಎಲ್ಲವ್ವ ನಿಮ್ಮನೆ?" ಅಂದರು. ಅವಳು ಹಳ್ಳಿಯ ಹೆಸರು ಹೇಳಿದಳು. "ಅಲ್ಲಿ ಯಾವ ಬೀದಿ?" ಅಂದರು. ನಮ್ಮ ಕಡೆ ಬೀದಿ ಕೇಳುವುದು ಪೋಸ್ಟು ಹಾಕುವುದಕ್ಕಲ್ಲ ಅಂತ ನಿನಗೆ ಹೇಳಬೇಕೇ. ಹುಡುಗಿಗೂ ಗೊತ್ತಾಯಿತು. ಹಿಡಿದ ಕೈಯನ್ನು ಮುಂದಕ್ಕೆ ಚಾಚಿ, "ತಗೊಂಬುಡಿ ಮೇಡಂ, ಆರೋಯ್ತು" ಅಂದಳು. ಅವಳ ದನಿ ಇಳಿದುಹೋಗಿತ್ತು.

"ನಿನ್ನ ಕೈಲೇ ಇರ್ಲಿ ಮಗ, ನನ್ನ ಇಪ್ಪತ್ತು ನಿಮಿಷ ಮುಗೀಲಿ" ಅಂದೆ. ಆಮೇಲೆ, "ಅಕ್ಕಾ, ಬೀದಿ ಕೇಳೋದು ಬುಡಿ" ಅಂದೆ. ಅಷ್ಟೇ. ಭಾಷಣ ಮಾಡಿದೆ ಅಂದುಕೊಳ್ಳಬೇಡ. ರುದ್ರಮ್ಮಕ್ಕ ಸಂಜೆಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ನನಗೇನೋ ಹೆದರಿಕೆಯ ಜೊತೆಗೆ ಎದೆ ಹಗುರಾದ ಹಾಗೆ ಆಗಿ, ನಲ್ಲಿಯ ಕೆಳಗೇ ನಿಂತು ಅತ್ತೆ. ಉರಿಗೆ ಅಳುತ್ತಿದ್ದಾರೆ ಅಂತ ಹುಡುಗಿ ಸಮಾಧಾನ ಮಾಡಿದಳು.

ಈಗ ಗಾಯ ಮಾಯುತ್ತಿದೆ, ರೂಪಾಯಿ ಬಿಲ್ಲೆಯಷ್ಟು ಕಲೆ. ಮೂರು ದಿನ ಶಾಖ ಬೇಡ ಅಂದಳು, ಹಾಗಾಗಿ ಮತ್ತೆ ಸೌನಾಕ್ಕೆ ಹೋಗಲಿಲ್ಲ. ಅದರ ಬದಲು ಬೆಚ್ಚನೆಯ ಉಪ್ಪುನೀರಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಶುಂಠಿ ಚಹಾ ಕೊಟ್ಟಳು. ಕಿಟಕಿಯಾಚೆ ಟೀ ತೋಟ, ಮಂಜು. ಸ್ವರ್ಗ ಅಂದರೆ ಬೇರೆ ಏನೂ ಇರಲಿಕ್ಕಿಲ್ಲ. ಮನೆಗೆ ಬಂದು ಹೇಳಿದರೆ ಇವರು, "ದುಡ್ಡು ಕೊಟ್ಟು ಸುಟ್ಕೊಂಡ್ ಬಂದ್ಯಲ್ಲ" ಅಂತ ನಕ್ಕಿದ್ದೇ ನಕ್ಕಿದ್ದು. ನಗಲಿ ಬಿಡು. ಮುಂದಿನ ಸಲಕ್ಕೆ ಬಿಳಿ ಖಾದಿ ಬಟ್ಟೆಯ ಲಿಂಗವಸ್ತ್ರ ಹೊಲಿಸಿದ್ದೇನೆ, ಕರಡಿಗೆ ಮನೆಯಲ್ಲೇ ಇರುತ್ತದೆ.

ಹತ್ತು ನಿಮಿಷದಲ್ಲಿ ನನಗೆ ದಕ್ಕಿದ್ದು ನಾಲ್ಕು. ಉಳಿದ ಆರು ನಿಮಿಷ ನಿನ್ನ ಪಕ್ಕದಲ್ಲಿ ಕೂತು ಬೆವರಬೇಕು, ಅದೂ ಕೆಳಗಿನ ಬೆಂಚಿನಲ್ಲಿ. ಟಿ.ಸಿ.ಎಚ್. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಆಮೇಲೆ ಮೂಗೂರಿನ ನಮ್ಮ ಮನೆಯ ಆ ಭಾನುವಾರ ಬಂತು. ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ನಿನಗೆ ಬಚ್ಚಲೊಳಗೆ ಬೇಡ, ಹಿತ್ತಲಲ್ಲಿ ಮೀಯಿ ಅನ್ನುವ ಮಾತು ಬಂತು. ನೀನು ಎಣ್ಣೆತಲೆಯಲ್ಲೇ ಬಸ್ಸು ಹತ್ತಿದೆ. ನಲವತ್ತೆರಡು ವರ್ಷದಲ್ಲಿ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. "ನಿಮ್ಮವ್ವನ ಕಾಲ್ದೋರು ಅಂಗೇ ಬುಡು" ಅಂತ ನೀನೇ ನನ್ನನ್ನು ಸಮಾಧಾನ ಮಾಡಿದ್ದೆ. ಹೋದ ತಿಂಗಳು ನೀನು ಬರುವುದಿಲ್ಲ ಅಂದದ್ದೂ ಅದಕ್ಕೇ ಅಂತ ನನಗೆ ಗೊತ್ತು.

ಬಾರೇ. ದೇವನೂರಿಗೆ ನಾನೇ ಕಾರು ತರುತ್ತೇನೆ, ನೀನು ಬಸ್ಸಿಗೆ ಓಡಾಡಬೇಕಿಲ್ಲ. ನಾಗೇಂದ್ರ "ನಮ್ಮವ್ವನ್ನ ಎಲ್ಗಾರ ಕರ್ಕೊಂಡೋಗಿ ಮೇಡಂ" ಅಂತ ಹೋದ ವಾರ ಸಂತೆಯಲ್ಲಿ ಸಿಕ್ಕಾಗ ನನಗೇ ಹೇಳಿದ. ನಿನ್ನ ಮಗ, ಸೊಸೆ, ಮೊಮ್ಮಗಳು ತಣ್ಣಗಿರಲಿ, ನಿನ್ನ ಮಂಡಿ ಗಟ್ಟಿಯಾಗಲಿ ಅಂತ ನಂಜುಂಡಪ್ಪನನ್ನು ಕೇಳಿಕೊಂಡು ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ
ಮಂಗಳ

ಮರೆತ ಮಾತು: ಮರೆತದ್ದಲ್ಲ, ಈ ಸಾಲು ಬರೆಯಲಾಗದೆ ಹನ್ನೆರಡು ದಿನ ತಡವಾಯಿತು. ಆ ಭಾನುವಾರ ನನ್ನ ಅವ್ವ ಏನೂ ಹೇಳಲಿಲ್ಲ ಮುದ್ದೂ. ಒಳಗೆ ನಿನಗೇ ಅಂತ ಹಂಡೆಗೆ ಉರಿ ಹಾಕಿ, ಸೀಗೆಪುಡಿ ಕಲಸಿ ಇಟ್ಟುಕೊಂಡು ಕಾಯುತ್ತಿದ್ದಳು. ಹಿತ್ತಲ ಗೋಡೆಯಾಚೆ ಪಕ್ಕದ ಮನೆಯವರು ನಿಂತು ನೋಡುತ್ತಿದ್ದರು. ನನಗೆ ಹೆದರಿಕೆಯಾಯಿತು. "ಅವ್ವ ಒಳಗೆ ಬೇಡ ಅಂದ್ಲು" ಅಂತ ಹೇಳಿದ್ದು ನಾನು. ನೀನು ಹೋದ ಮೇಲೆ ಅವಳಿಗೆ, ಮುದ್ದಿಗೆ ಅರ್ಜೆಂಟ್ ಕೆಲಸ ಬಂತು ಅಂದೆ. ಸಾಯುವ ತನಕ "ಆ ದೇವನೂರು ಮಗ ಯಾಕೆ ಬರ್ನಿಲ್ಲ" ಅಂತ ಕೇಳುತ್ತಲೇ ಇದ್ದಳು. ಅವಳ ಮಣ್ಣಿಗೂ ನೀನು ಬರಲಿಲ್ಲ, ಅದೂ ನನ್ನಿಂದಲೇ. ಕೂನೂರಿಗೆ ಬರುವುದಿಲ್ಲ ಅನ್ನುವುದಾದರೆ ಅನ್ನು. ಆದರೆ ಈ ಸಲ ನನಗೆ ಅನ್ನು, ಅವ್ವನಿಗೆ ಅನ್ನಬೇಡ.