ಶಿಬಿರದಲ್ಲಿ ನಿನ್ನ ಭಾಷಣ

ತುಮಕೂರು, 1983

ಸುಬ್ಬಕೃಷ್ಣ,

ಈ ಕಾಗದವನ್ನು ನಿನಗೆ ಹಾಕುವುದಿಲ್ಲ. ಆದರೂ ಬರೆಯದೆ ಇರಲಾಗುತ್ತಿಲ್ಲ.

ಲಾ ಮತ್ತು ಕಾಮರ್ಸ್ ವಿದ್ಯಾರ್ಥಿಗಳ ನಾಯಕತ್ವ ತರಬೇತಿ ಶಿಬಿರದಲ್ಲಿ ಇವತ್ತು ಮೈಕ್‌ಸೆಟ್ ನೋಡಿಕೊಂಡವನು ನಾನೇ. ವೇದಿಕೆಯ ಪಕ್ಕ, ಪರದೆಯ ಹಿಂದೆ ಕೂತಿದ್ದೆ. ನಿನಗೆ ಕಾಣಲಿಲ್ಲ. ನಿನ್ನ ಇಸ್ತ್ರಿ ಮಾಡಿದ ಷರಟು, ಅದಕ್ಕೆ ಪಿನ್ನು ಚುಚ್ಚಿದ ಹೆಸರಿನ ಚೀಟಿ ನೋಡಿಯೇ ನನಗೆ ಹೊಟ್ಟೆ ಉರಿಯಿತು. ಸುಳ್ಳು ಹೇಳುವುದಿಲ್ಲ.

ಪ್ರತಿಯೊಬ್ಬರೂ ತಾವು ಕಂಡ ನಾಯಕತ್ವದ ಒಂದು ಪ್ರಸಂಗ ಹೇಳಬೇಕಿತ್ತು. ನೀನು ನಮ್ಮ ಸ್ಟ್ರೈಕಿನ ವಿಷಯ ಎತ್ತಿದೆ. ಕುಡಿಯುವ ನೀರಿಗಾಗಿ ಒಂಬತ್ತನೇ ಕ್ಲಾಸಿನವರೆಲ್ಲ ಹೊರಗೆ ಬಂದು ಕೂತಿದ್ದೆವಲ್ಲ, ಅದು. ಮುಂದೆ ನಿಂತವನು ನಾನು, ಅದಕ್ಕಾಗಿ ಸ್ಕೂಲು ಬಿಟ್ಟವನೂ ನಾನೊಬ್ಬನೇ. ಅದನ್ನೂ ನಿನ್ನದು ಮಾಡಿಕೊಳ್ಳುತ್ತೀಯ ಎಂದುಕೊಂಡು ವಾಲ್ಯೂಮ್ ಪೂರ್ತಿ ಇಳಿಸಿಬಿಟ್ಟೆ.

"ಏಯ್ ಮೈಕ್‌ಸೆಟ್ಟು, ನಿದ್ದೆ ಮಾಡ್ತಿದೀಯೇನ್ಲಾ? ಏನೂ ಕೇಳಿಸ್ತಿಲ್ಲ" ಎಂದು ಹಿಂದಿನ ಸಾಲಿನವರು ಕೂಗಿದರು.

"ವೈರ್ ಲೂಸಾಗೈತೆ ಸಾರ್, ನೋಡ್ತಾ ಇದೀನಿ" ಎಂದೆ.

ನೀನು ಮಾತು ನಿಲ್ಲಿಸಲಿಲ್ಲ. ಆ ಗಲಾಟೆಯಲ್ಲಿ, ಹತ್ತಿರ ಕೂತಿದ್ದ ನನಗೊಬ್ಬನಿಗೇ ಅದು ಕೇಳಿಸುತ್ತಿತ್ತು.

"ಅವನ ಹೆಸರು ಅಡವೀಶ. ಇದಕ್ಕೆಲ್ಲ ಯಾರ್ರೋ ಕಾರಣ ಅಂತ ಹೆಡ್‌ಮಾಸ್ಟ್ರು ಕೇಳ್ದಾಗ ನಾನು ತಲೆ ತಗ್ಗಿಸ್ದೆ, ಅವನು ಎದ್ದು ನಿಂತ. ಈ ಶಿಬಿರಕ್ಕೆ ಬರಬೇಕಾದವನು ಅವನು, ನಾನಲ್ಲ."

ನಾನು ವಾಲ್ಯೂಮ್ ಏರಿಸಿದಾಗ ಹಾಲಿಗೆಲ್ಲ ಕೇಳಿಸಿದ್ದು ನಿನ್ನ ನಮಸ್ಕಾರ ಮಾತ್ರ.

ಅಡವೀಶ