‘ನಮ್ಮವರು’ ಸಂಪರ್ಕಗೊಂಡಿದೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8

ನಾಲ್ಕೂ ಕಡೆಯಿಂದ ಕಾರಿನ ಫೋಟೋ ತೆಗೆದು ಆಪ್‌ಗೆ ಹಾಕಿದ್ದಾಯಿತು. ಎಡಬಾಗಿಲಿನ ಹಳೇ ಗೀರನ್ನು ಹತ್ತಿರದಿಂದ ಇನ್ನೊಂದು ಸಲ. ನಾಳೆ ನನ್ನ ತಲೆಗೆ ಕಟ್ಟಬಾರದು.

ನನ್ನ ಕಾರು ಗ್ಯಾರೇಜಿನಲ್ಲಿ. ಗೇರ್‌ಬಾಕ್ಸ್ ಬಿಚ್ಚಿ ಹರಡಿ ಮೆಕ್ಯಾನಿಕ್ ನೆಂಟರ ಮನೆಗೆ ಹೋಗಿದ್ದಾನೆ. ಹತ್ತು ದಿನ, ಐದು ಊರು, ಏಳು ಎಕ್ಸ್-ರೇ ಮಷಿನ್ ಸರ್ವಿಸ್ ಬಾಕಿ. ಟೂಲ್ ಬಾಕ್ಸ್, ಸೀಸದ ಏಪ್ರನ್ ಹೊತ್ತುಕೊಂಡು ಬಸ್ಸು ಹತ್ತುವ ವಯಸ್ಸಲ್ಲ. ಅದಕ್ಕೇ ಯಾರದೋ ಮನೆಯ ಕಾರು, ಬಾಡಿಗೆಗೆ.

ಓನರ್ ರಿಟೈರಾದ ಲೆಕ್ಕದ ಟೀಚರ್. ಅರವತ್ತರ ಮೇಲೆ. ಒಬ್ಬರೇ ಇರುವ ಹಾಗಿದೆ. ಬೀಗದ ಕೈ ಕೊಡುವಾಗ ನನ್ನ ಕೈ ಹಿಡಿದುಕೊಂಡೇ ಹೇಳಿದರು:

“ಎಲ್ಲಿಗೆ ಬೇಕಾದ್ರೂ ಹೋಗಿ. ಕಿಲೋಮೀಟರ್ ಲಿಮಿಟ್ ಇಲ್ಲ. ನಿಮ್ಮ ಫೋನ್ ಮಾತ್ರ ಕಾರಿಗೆ ಸೇರಿಸ್ಬೇಡಿ. ಆ ಸ್ಕ್ರೀನ್ ಆರಿಸ್ಬೇಡಿ.”

“ಯಾಕೆ ಟೀಚರ್?”

“ಹಾಗೇ.”

ಲೆಕ್ಕದ ಟೀಚರ್ ಬಾಯಲ್ಲಿ ‘ಹಾಗೇ’ ಕೇಳಿದ್ದು ಇದೇ ಮೊದಲು.

ಮಾರ್ಚ್ 4. ಸಂಜೆ 7

ಮೊದಲ ಊರು ಮುಗಿಯಿತು. ಕ್ಲಿನಿಕ್ಕಿನ ಮಷಿನ್‌ನ ಟ್ಯೂಬ್ ಕೆಟ್ಟಿಲ್ಲ, ಕೇಬಲನ್ನು ಇಲಿ ಕಡಿದಿದೆ. ಡಾಕ್ಟರು ನನ್ನನ್ನೇ ಇಲಿ ಎಂಬಂತೆ ನೋಡಿದರು.

ಕಾರು ಚೆನ್ನಾಗಿ ಓಡುತ್ತದೆ. ಸೀಟಿನದೊಂದು ತೊಂದರೆ. ಎಷ್ಟು ಮುಂದಕ್ಕೆ ಎಳೆದುಕೊಂಡರೂ ಇಳಿದು ಬರುವಷ್ಟರಲ್ಲಿ ಹಿಂದೆ ಸರಿದಿರುತ್ತದೆ. ಉದ್ದ ಕಾಲಿನವರ ಅಳತೆಗೆ. ಸೀಟಿನ ಕೆಳಗಿನ ಕಂಬಿಯ ಹಲ್ಲು ಸವೆದಿರಬೇಕು.

ಆರಕ್ಕೆ ಸರಿಯಾಗಿ ಟೀಚರ್ ಫೋನ್.

“ಊಟ ಆಯ್ತಾ? ಕಾರು ಏನಾದ್ರೂ ಅಂತಾ?”

ಸದ್ದು ಗಿದ್ದು ಮಾಡಿತಾ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. “ಏನೂ ಇಲ್ಲ ಟೀಚರ್, ಗಪ್‌ಚುಪ್” ಅಂದೆ.

“ಸರಿ” ಎಂದು ಇಟ್ಟುಬಿಟ್ಟರು.

ಆಮೇಲೆ ಆಪ್‌ನಲ್ಲಿ ಹಳೇ ರಿವ್ಯೂ ಓದಿದೆ. ಅರವತ್ತೊಂದು ಇವೆ. ‘ಒಳ್ಳೇ ಕಂಡೀಷನ್.’ ‘ಓನರ್ ದಿನಾ ಫೋನ್ ಮಾಡ್ತಾರೆ, ಪಾಪ.’ ಒಂದರಲ್ಲಿ ಮಾತ್ರ — ‘ಕಾರು ಓಕೆ. ಮತ್ತೆ ತಗೊಳಲ್ಲ.’ ಕಾರಣ ಬರೆದಿಲ್ಲ.

ಮಾರ್ಚ್ 6. ಮಧ್ಯಾಹ್ನ 1.15, ಕಾರಿನೊಳಗೆ

ಊರ ಹೊರಗೆ ನಿಲ್ಲಿಸಿದ್ದೇನೆ. ಬರೆಯದೆ ಮುಂದೆ ಓಡಿಸಲಾರೆ.

ಮೂರನೇ ಊರಿನ ಸರ್ಕಲ್ ದಾಟಿ ಅಂಗಡಿ ಸಾಲು. ಟೈರ್, ಪ್ಲೈವುಡ್, ಗಾಜು-ಕನ್ನಡಿ. ಮುಂದೆ ಲಾರಿ ರಿವರ್ಸ್ ತೆಗೆಯುತ್ತಿತ್ತು. ನಿಂತೆ. ರೇಡಿಯೋ ಹಾಡು ತಟ್ಟನೆ ನಿಂತಿತು. ಸ್ಕ್ರೀನ್ ಮೇಲೆ ಅಕ್ಷರ:

‘ನಮ್ಮವರು’ ಸಂಪರ್ಕಗೊಂಡಿದೆ.

ಯಾರದೋ ಫೋನ್ ಈ ಕಾರಿಗೆ ತಾನಾಗಿ ಸೇರಿಕೊಂಡಿದೆ. ನನ್ನದಲ್ಲ. ನನ್ನದು ಬ್ಯಾಗಿನಲ್ಲಿ. ಮೂಲೆಯಲ್ಲಿ ಆ ಫೋನಿನ ಬ್ಯಾಟರಿ ಗುರುತು, ಎರಡು ಕಡ್ಡಿ.

ಆಮೇಲೆ ಸ್ಪೀಕರಿನಿಂದ ಹೆಂಗಸಿನ ಧ್ವನಿ. ನಾಲ್ಕೂ ಬಾಗಿಲಿನಿಂದ ಒಟ್ಟಿಗೆ.

“ರೀ, ಹಾಲು ಒಡೆದುಹೋಗಿದೆ. ಬರ್ತಾ ಒಂದು ಪ್ಯಾಕೆಟ್ ತನ್ನಿ.”

ಟಿಂಗ್ ಎಂದು ಸದ್ದು. ಮತ್ತೆ ಅದೇ ಧ್ವನಿ:

“ರೀ, ಗ್ಯಾಸಿನವನು ಬಂದಿದ್ದ. ನೀವು ಎಲ್ಲಿದ್ದೀರಿ?”

ಟೀಚರ್ ಧ್ವನಿ. ಮೊನ್ನೆ ಸಂಜೆ “ಕಾರು ಏನಾದ್ರೂ ಅಂತಾ” ಎಂದು ಕೇಳಿದ ಧ್ವನಿಯೇ. ಸ್ವಲ್ಪ ಎಳೆಯದು.

ಹಿಂದಿನ ಸೀಟು ನೋಡಿದೆ. ಯಾರೂ ಇಲ್ಲ. ಇರುವುದಾದರೂ ಹೇಗೆ! ಆದರೂ ನೋಡಿದೆ.

ಲಾರಿ ಸರಿಯಿತು. ಇಪ್ಪತ್ತಡಿ ಮುಂದೆ ಹೋಗಿದ್ದೇ ತಡ, ಧ್ವನಿ ಹೋಯಿತು, ರೇಡಿಯೋ ಹಾಡು ಬಿಟ್ಟಲ್ಲಿಂದ ಹಿಡಿಯಿತು.

ಸಂಜೆ 6.50

ಟೀಚರ್ ಫೋನ್ ಬಂದಾಗ ಸುತ್ತಿ ಬಳಸಲಿಲ್ಲ. “‘ನಮ್ಮವರು’ ಅಂದ್ರೆ ಯಾರು ಟೀಚರ್?” ಎಂದು ಕೇಳಿಬಿಟ್ಟೆ.

ಆ ಕಡೆ ಫ್ಯಾನಿನ ಕಟಕಟ.

“ಕಾರು ಹೇಳ್ತಾ?” ಅಂದರು.

“ಹೂಂ.”

ಆಮೇಲೆ ಪಾಠ ಒಪ್ಪಿಸಿದ ಹಾಗೆ ಹೇಳಿದರು. ಯಜಮಾನರು ಸರ್ವೇ ಆಫೀಸಿನಲ್ಲಿದ್ದವರು. ಎರಡೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಈ ಕಾರಿನಲ್ಲಿ ಹಾಲು ತರಲು ಹೋದರು. ನಾಲ್ಕನೇ ದಿನ, ದೂರದ ಊರೊಂದರ ಬಸ್‌ಸ್ಟ್ಯಾಂಡ್ ಪಕ್ಕ ಕಾರು ಸಿಕ್ಕಿತು. ಗೆರೆಯೊಳಗೆ ನೇರವಾಗಿ ನಿಲ್ಲಿಸಿದ್ದರಂತೆ. ಅವರಿರಲಿಲ್ಲ. ಪೊಲೀಸು, ಪೇಪರು, ಆಸ್ಪತ್ರೆ, ಎಲ್ಲಾ ಆಯಿತು. ನಂಬರ್ ಅಂದಿನಿಂದ ಸ್ವಿಚ್ ಆಫ್.

“ನಂಬರ್ ಬದಲಾಯಿಸಬಹುದು. ಫೋನ್ ಅದೇ ಇದ್ರೆ ಕಾರಿಗೆ ಗುರುತು ಸಿಗುತ್ತೆ ಅಂತ ಶೋರೂಮಿನವರು ಹೇಳಿದ್ರು. ನನಗೆ ಡ್ರೈವಿಂಗ್ ಬರಲ್ಲ. ಬಾಡಿಗೆಗೆ ಬಿಟ್ಟೆ. ಯಾರ್ಯಾರೋ ಎಲ್ಲೆಲ್ಲಿಗೋ ಹೋಗ್ತಾರೆ. ಒಬ್ರಾದ್ರೂ ಅವರ ಪಕ್ಕ ಹಾದು ಹೋಗ್ತಾರೆ.”

“ಬದುಕಿದ್ದಾರೆ ಅನ್ಸುತ್ತೆ ಟೀಚರ್” ಅಂದೆ.

“ಹೂಂ” ಅಂದರು. “ಮಲ್ಕೊಳ್ಳಿ. ದಣಿದಿರ್ತೀರಿ.”

ಆರೂಮುಕ್ಕಾಲಿಗೆ ಮಲಗು ಅಂದರು. ಯಾವ ಊರು ಎಂದು ಮಾತ್ರ ಕೇಳಲಿಲ್ಲ.

ಮಾರ್ಚ್ 8, ಶನಿವಾರ. ಸಂಜೆ 4

ಊರ ಉಸಾಬರಿ ನನಗೆ ಬೇಡ ಎಂದು ಎರಡು ದಿನ ಕೂತೆ. ಆಗಲಿಲ್ಲ. ಇವತ್ತು ಅಲ್ಲಿಗೇ ಹೋದೆ.

ಟೈರ್ ಅಂಗಡಿ ಮುಂದೆ — ಏನಿಲ್ಲ. ಪ್ಲೈವುಡ್ ಅಂಗಡಿ ಮುಂದೆ — ಏನಿಲ್ಲ. ಗಾಜಿನಂಗಡಿ ಮುಂದೆ ನಿಲ್ಲಿಸಿದ ಕೂಡಲೇ, “ರೀ, ಛತ್ರಿ ಬಿಟ್ಟು ಹೋಗಿದ್ದೀರಿ ನೋಡಿ.”

ಹೊರಗೆ ಒರಗಿಸಿದ ಕನ್ನಡಿಗಳು. ಚಿಕ್ಕದು, ದೊಡ್ಡದು, ಒಂದು ಹತ್ತು. ಅಷ್ಟರಲ್ಲೂ ಈ ಕಾರು, ಅಷ್ಟರಲ್ಲೂ ನಾನು. ಒಂದರಲ್ಲಿ ಮಾತ್ರ ನನ್ನ ಹಿಂದೆ ಇನ್ನೊಬ್ಬರು. ಎತ್ತರದ ಮನುಷ್ಯ, ಕೈಯಲ್ಲಿ ಗಾಜು ಕೊಯ್ಯುವ ಕಡ್ಡಿ. ಕಿವಿಯಿಂದ ಇಯರ್‌ಫೋನ್ ತೆಗೆಯುತ್ತಿದ್ದರು.

“ಅವಳು ಕಳಿಸಿದ್ಲಾ?”

“ಯಾರೂ ಕಳಿಸಿಲ್ಲ. ಬಾಡಿಗೆಗೆ ತಗೊಂಡಿದ್ದೀನಿ.”

“ಎಲ್ರೂ ಅದನ್ನೇ ಹೇಳ್ತಾರೆ.”

ಕಾರಿನ ಬಾನೆಟ್ ಮೇಲೆ ಅಂಗೈ ಮಗುಚಿ ಇಟ್ಟರು. ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ.

“ಇದು ಐದನೇ ಸಲ, ತಾಯಿ. ಎರಡು ಸಲ ಊರು ಬದಲಾಯಿಸಿದೆ. ಎಲ್ಲೇ ಹೋಗ್ಲಿ, ಒಂದಿನ ಬರುತ್ತೆ. ಒಳಗೆ ಪ್ರತಿ ಸಲ ಬೇರೆ ಮುಖ. ಕಿವಿಯಲ್ಲಿ ಅವಳ ಹಳೇ ವಾಯ್ಸ್ ಮೆಸೇಜ್ ತಟ್ಟನೆ ನಿಲ್ಲುತ್ತೆ. ನಿಂತ್ರೆ ಗೊತ್ತು, ಕಾರು ಹತ್ತಿರ ಬಂದಿದೆ. ನನ್ನ ಕಿವಿಯಿಂದ ಕಿತ್ತು ಅದು ಕೇಳಿಸ್ಕೊಳ್ಳುತ್ತೆ.”

“ಫೋನಿಂದ ಕಾರಿನ ಹೆಸರು ಅಳಿಸಬಹುದಲ್ಲ?”

“ಅಳಿಸಬಹುದು.” ಅಷ್ಟೇ ಹೇಳಿದರು.

ಯಾಕೆ ಬಿಟ್ಟು ಬಂದಿರಿ ಎಂದು ಕೇಳಿದೆ. ಜಗಳವೇ? ಸಾಲವೇ? ಬೇರೆ ಹೆಂಗಸೇ? ಮೂರಕ್ಕೂ ಅಲ್ಲವೆಂದು ತಲೆಯಾಡಿಸಿದರು.

“ಹಾಲಿನಂಗಡಿ ಮುಚ್ಚಿತ್ತು. ಮುಂದಿನ ಅಂಗಡಿಗೆ ಹೋಗೋಣ ಅಂತ ಮುಂದೆ ಹೋದೆ. ದಾರಿ ಚೆನ್ನಾಗಿತ್ತು. ತಿರುಗಿಸೋಕೆ ಕೈ ಏಳಲಿಲ್ಲ.”

“ಆಮೇಲಾದ್ರೂ?”

“ಮೊದಲನೇ ದಿನ ಆಗಿದ್ರೆ ಒಂದು ಸುಳ್ಳು ಸಾಕಿತ್ತು. ವಾರ ಆದ್ಮೇಲೆ ಸುಳ್ಳೂ ಸಾಲದು. ತಿಂಗಳಾದ್ಮೇಲೆ ಹೋಗೋಕೆ ಮುಖ ಬೇಕು. ಎಲ್ಲಿಂದ ತರ್ಲಿ?”

ಅಷ್ಟು ಕನ್ನಡಿಗಳ ನಡುವೆ ನಿಂತು ಕೇಳಿದರು.

ಹೊರಡುವಾಗ, “ಹೇಳ್ಬೇಡಿ” ಅಂದರು. ಕಿಟಕಿ ಏರಿಸುತ್ತಿದ್ದ ಹಾಗೆ, “ಅವಳ ಮೊಣಕಾಲು ನೋವು ಹೇಗಿದೆ?” ಅಂದರು.

ಮಾರ್ಚ್ 9, ಭಾನುವಾರ

ಬರೆಯಬಾರದು ಅಂದುಕೊಂಡಿದ್ದೆ. ನನ್ನ ಪುಸ್ತಕ, ನನಗೆ ಯಾರ ಹೆದರಿಕೆ?

ಬೆಳಿಗ್ಗೆ ನಾಲ್ಕನೇ ಊರಿಗೆ ಹೊರಟವಳು ಎಡಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಮರೆತಿದ್ದಲ್ಲ. ಬೋರ್ಡ್ ಕಂಡಿತು, ಓದಿದೆ, ದಾಟಿದೆ. ರಸ್ತೆ ಖಾಲಿ, ಬಿಸಿಲು ಹಿತವಾಗಿತ್ತು. ಮನೆಯವರ ಕಾಲ್ ಎರಡು ಸಲ ಬಂತು, ತೆಗೆಯಲಿಲ್ಲ. ಅವರ ಮೇಲೆ ಸಿಟ್ಟಿಲ್ಲ. ಹತ್ತೊಂಬತ್ತು ವರ್ಷದ ಸಂಸಾರ, ಒಳ್ಳೇ ಮನುಷ್ಯ. ಆದರೂ ತೆಗೆಯಲಿಲ್ಲ. ಎಷ್ಟು ಹಗುರವಾಗಿತ್ತೆಂದರೆ...

ಸೀಟು ಹಿಂದೆ ಸರಿದಿತ್ತು. ಬ್ರೇಕಿಗೆ ಕಾಲು ಎಟುಕಲಿಲ್ಲ. ಆಗ ಎಚ್ಚರವಾಯಿತು. ನಲವತ್ತಾರು ಕಿಲೋಮೀಟರ್ ಬಂದಿದ್ದೆ.

ಪಕ್ಕಕ್ಕೆ ನಿಲ್ಲಿಸಿ ಮನೆಯವರಿಗೆ ಫೋನ್ ಮಾಡಿದೆ. “ಯಾಕೆ ಅಳ್ತಿದ್ದೀಯ?” ಅಂದರು. ಅಳುತ್ತಿದ್ದೇನೆಂದು ಅವರು ಹೇಳಿದ ಮೇಲೆ ಗೊತ್ತಾಯಿತು.

ಮಾರ್ಚ್ 12, ಬುಧವಾರ. ಮಧ್ಯಾಹ್ನ

ಕಾರು ಒಪ್ಪಿಸಿ ಬಂದೆ. ಸುಳ್ಳು ಹೇಳಬೇಕೆಂದೇ ಹೋಗಿದ್ದೆ. ಟೀಚರ್ ಕಾಫಿ ಲೋಟ ಮುಂದಿಟ್ಟು ಎದುರು ಕೂತರು. ಸುಳ್ಳು ಬಾಯಿಗೆ ಬರಲಿಲ್ಲ.

“ನೋಡಿದೆ ಟೀಚರ್. ಮಾತಾಡಿದೆ.”

“ಸಣ್ಣಗಾಗಿದ್ದಾರಾ?”

“ಸ್ವಲ್ಪ. ನಿಮ್ಮ ಮೊಣಕಾಲು ಕೇಳಿದ್ರು.”

ಸೆರಗಿನಿಂದ ಮೇಜು ಒರೆಸಿದರು. ಮೇಜು ಚೊಕ್ಕವಾಗಿಯೇ ಇತ್ತು.

“ಊರು ಹೇಳ್ತೀನಿ. ಬೇಕಾದ್ರೆ ನಾನೇ ಕರ್ಕೊಂಡು ಹೋಗ್ತೀನಿ” ಅಂದೆ.

“ಊರು ನನಗೆ ಗೊತ್ತು. ಕಾರು ಎಲ್ಲಿ ನಿಂತ್ರೂ ನನ್ನ ಫೋನಲ್ಲಿ ಕಾಣುತ್ತೆ, ಯಾವಾಗ ಮಾತಾಡ್ತು ಅಂತ ನಿಮ್ಮಂಥವರು ಹೇಳ್ತಾರೆ. ಹಿಂದಿನ ಎರಡು ಊರೂ ಗೊತ್ತು.”

ನನಗೆ ಅರ್ಥವಾಗಲಿಲ್ಲ. “ಮತ್ತೆ ಹೋಗ್ಲಿಲ್ಲ ಯಾಕೆ? ಹುಡುಕ್ತಿದ್ದೀರಿ ಅಂದ್ಕೊಂಡಿದ್ದೆ.”

“ಹುಡುಕಿದ್ದು ಮೊದಲನೇ ವರ್ಷ. ಆಮೇಲೆ ಹುಡುಕಿಲ್ಲ, ಕಳಿಸಿದ್ದೀನಿ.” ದನಿ ಏರಲಿಲ್ಲ, ಇಳಿಯಲಿಲ್ಲ. “ಆ ಕಡೆ ಹೋಗೋರು ಯಾರಾದ್ರೂ ಕೇಳಿದ್ರೆ ಬೇರೆಯವರಿಗೆ ಇಲ್ಲ ಅಂತೀನಿ. ಅವರಿಗೇ ಕೊಡ್ತೀನಿ. ನಿಮಗೂ ಹಾಗೇ ಕೊಟ್ಟಿದ್ದು. ನಾನು ಎರಡೂವರೆ ವರ್ಷ ಗೇಟಿನ ಸದ್ದಿಗೆಲ್ಲಾ ಎದ್ದಿದ್ದೀನಿ. ಅವರೂ ಒಂದಿಷ್ಟು ಏಳಲಿ.”

ಕಾಫಿ ಆರಿಹೋಗಿತ್ತು, ಹಾಗೇ ಕುಡಿದೆ. ಆ ಅಂಗೈ ನೆನಪಾಯಿತು, ಬಾನೆಟ್ ಮೇಲೆ ಮಗುಚಿಟ್ಟದ್ದು. ಅದನ್ನೂ ಹೇಳಿದೆ. ನಿಮ್ಮ ಮಾತು ಕೇಳುತ್ತಾ ಗಾಜು ಕೊಯ್ಯುತ್ತಾರೆ, ಹಾಲು, ಗ್ಯಾಸು, ಛತ್ರಿ, ಹಳೇ ಮಾತು ದಿನಾ ಕೇಳುತ್ತಾರೆ ಎಂದು ಎಲ್ಲವನ್ನೂ ಹೇಳಿದೆ.

ಟೀಚರ್ ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು. ಬಹಳ ಹೊತ್ತು. ವಾಪಸ್ ಬರಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 10.40

ಟೀಚರ್ ಫೋನ್. ಬಾಡಿಗೆ ಮುಗಿದು ಹನ್ನೊಂದು ದಿನ. ಸ್ಪೀಕರಿಗೆ ಹಾಕಿ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬಾರದು.

“ಅವತ್ತಿಂದ ಕಾರು ಯಾರಿಗೂ ಕೊಟ್ಟಿಲ್ಲ. ಇವತ್ತು ಬೆಳಿಗ್ಗೆ ಒಂದು ಬುಕಿಂಗ್ ಬಂತು. ಫೋಟೋ ನೋಡಿ ನೀವು ಹೇಳಿದ್ದು ನಿಜ ಅಂತ ಗೊತ್ತಾಯ್ತು. ಸಣ್ಣಗಾಗಿದ್ದಾರೆ.”

ಟೀಚರ್ ಯಜಮಾನರು! ತಮ್ಮ ಕಾರನ್ನು ತಾವೇ ಬಾಡಿಗೆಗೆ ಕೇಳಿದ್ದಾರೆ. ಬಾಗಿಲು ತಟ್ಟಲು ಅವರಿಗೆ ಬೇರೆ ಕಾರಣ ಸಿಗಲಿಲ್ಲವೇನೋ.

“ಏನು ಮಾಡಿದ್ರಿ ಟೀಚರ್?”

“ಒಪ್ಪಿಗೆ ಒತ್ತಿದೆ. ಹನ್ನೊಂದು ಗಂಟೆಗೆ ಬರ್ತಾರಂತೆ. ಒಬ್ಬಳೇ ಕೂರೋಕೆ ಆಗ್ತಿಲ್ಲ. ಫೋನ್ ಇಡ್ಬೇಡಿ.”

ಇಡಲಿಲ್ಲ. ಅವರ ಫ್ಯಾನ್ ಕಟಕಟ.

10.55. ಕರೆಗಂಟೆ. ಟೀಚರ್ ಎದ್ದ ಸದ್ದು. ನಿಧಾನ, ಮೊಣಕಾಲು ನೋವಿನ ಹೆಜ್ಜೆ. ಫೋನ್ ಕೈಯಲ್ಲೇ ಇದೆ. ಚಿಲಕ ತೆಗೆದರು.

ಗಂಡಸಿನ ಧ್ವನಿ: “ಕಾರು... ಬುಕ್ ಮಾಡಿದ್ದೆ.”

ಆಮೇಲೆ ಟೀಚರ್:

“ಲೈಸೆನ್ಸ್ ತೋರ್ಸಿ.”

ಕಾಗದದ ಸರಬರ. ಪರ್ಸ್ ತೆಗೆಯುತ್ತಿದ್ದಾರೆ. ನಿಜವಾಗಿಯೂ ತೆಗೆಯುತ್ತಿದ್ದಾರೆ.

“ಎಷ್ಟು ದಿನಕ್ಕೆ?” ಎಂದು ಟೀಚರ್ ಕೇಳಿದರು.

ಅವರು ಏನೋ ಅಂದರು, ಬಹಳ ಮೆಲ್ಲಗೆ, ನನಗೆ ಸರಿಯಾಗಿ ಕೇಳಿಸಲಿಲ್ಲ. ಟೀಚರ್ ಫೋನ್ ಇಟ್ಟುಬಿಟ್ಟರು.